ವೈನಿ, ಆ ಇಂಜೆಕ್ಷನ್ ಬಗ್ಗೆ ಕೇಳಿದ್ದಿರಲ್ಲ

ವೈನಿ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದೀತು, ರೊಟ್ಟಿ ಬಡಿಯುತ್ತಾ ಕೇಳಿ.

ಮುತ್ತುನ ದಮ್ಮಿಗೆ ಹೈದರಾಬಾದಿನ ಡಾಕ್ಟರು ಎರಡು ವಾರಕ್ಕೊಮ್ಮೆ ಒಮಾಲಿಜುಮ್ಯಾಬ್ ಸೂಜಿ ಬರೆದಿದ್ದಾರೆ, ಇದು ಸ್ಟೀರಾಯ್ಡ್ ಅಲ್ವಾ ಅಂತ ಕೇಳಿದ್ದೀರಿ. ಕೆಳಗೆ ಕಾಕಾ ಬೇರೆ "ಎಲ್ಲಾ ಕೈಬಿಟ್ಟ ಮೇಲೆ ಕೊಡುವ ಸೂಜಿ" ಅಂತ ಹಾಕಿ ಹೆದರಿಸಿದ್ದಾರೆ. ಕಾಕಾ, ಸಿಟ್ಟಾಗಬೇಡಿ, ಅದು ಹಂಗಲ್ಲ.

ನೀವು ಹೆದರುವ ಸ್ಟೀರಾಯ್ಡ್ ಅಂದರೆ ಎದೆ ಬಿಗಿದಾಗ ಐದು ದಿನ ಕೊಡುತ್ತಾರಲ್ಲ, ಆ ಮಾತ್ರೆ. ಅದನ್ನು ಪದೇ ಪದೇ ನುಂಗುವುದು ತಪ್ಪಲಿ ಅಂತಲೇ ಈ ಸೂಜಿ. ನಮ್ಮ ಮಗಳು ಸಣ್ಣಿಗೂ ಇದೇ ಸೂಜಿ ಕೊಟ್ಟಿದ್ದಾರೆ, ಅವಳ ರಕ್ತದಲ್ಲಿ ಐಜಿಇ ಅನ್ನುವುದು ಜಾಸ್ತಿ ಇತ್ತು. ಧೂಳು ಒಳಗೆ ಹೋದರೆ ಸಾಕು, ಅಲರ್ಜಿ ಎಬ್ಬಿಸುವುದು ಅದೇ. ಈ ಔಷಧ ಆ ಐಜಿಇಯನ್ನೇ ಹಿಡಿದು ಕಟ್ಟಿಹಾಕುತ್ತದೆ. ಐಜಿಇ ಎಷ್ಟಿದೆ, ಮಗುವಿನ ತೂಕ ಎಷ್ಟು, ಎರಡೂ ನೋಡಿ ಡೋಸು. ಅದಕ್ಕೇ ಒಬ್ಬರಿಗೆ ಎರಡು ವಾರಕ್ಕೆ, ಇನ್ನೊಬ್ಬರಿಗೆ ನಾಲ್ಕು ವಾರಕ್ಕೆ. ಅಮೆರಿಕದಲ್ಲಿ 2003ರಲ್ಲೇ ದೊಡ್ಡ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತ್ತು, 2016ರಲ್ಲಿ 6 ವರ್ಷ ತುಂಬಿದವರಿಗೂ ಸಿಕ್ಕಿತು. ಮುತ್ತುಗೆ 9 ಅಲ್ವಾ? ಬೇರೆ ತರದ ದಮ್ಮಿಗೆ ಮೆಪೊಲಿಜುಮ್ಯಾಬ್, ಡುಪಿಲುಮ್ಯಾಬ್ ಅಂತ ಬೇರೆ ಸೂಜಿಗಳಿವೆ. ಆರಿಸುವುದು ಡಾಕ್ಟರ ಕೆಲಸ.

ಈಗ ನನ್ನ ತಪ್ಪು ಹೇಳುತ್ತೇನೆ. ಸೂಜಿ ಬರೆಯುವ ಮೊದಲು ಡಾಕ್ಟರು ಸಣ್ಣಿಗೆ "ಪಂಪ್ ತಗೊಂಡು ತೋರಿಸವ್ವ" ಅಂದರು, ಅದೇ ಬಾಯಿಂದ ಎಳೆಯುವ ಇನ್ಹೇಲರ್. ಸ್ಪೇಸರ್, ಅಂದರೆ ಪಂಪಿಗೆ ಸಿಕ್ಕಿಸುವ ಕೊಳವೆ, ಅದಿಲ್ಲದೆ ಪುಸ್ ಅನಿಸಿದಳು, ಔಷಧ ಎಲ್ಲಾ ನಾಲಿಗೆ ಮೇಲೆ! ಸ್ಪೇಸರ್ ಕಪಾಟಿನ ಮೇಲಿತ್ತು. ಚೀಲದಲ್ಲಿ ಹಿಡಿಯುವುದಿಲ್ಲ ಅಂತ ಇಟ್ಟವಳು ನಾನೇ. ವಾರದಲ್ಲಿ ಎರಡು ದಿನ ಪಂಪ್ ಮರೆತೇ ಹೋಗುತ್ತಿತ್ತು. ಇವರಂತೂ ದಾಲ್ ಮಿಲ್‌ನಿಂದ ಬಂದು ಅದೇ ಧೂಳಿನ ಅಂಗಿಯಲ್ಲಿ ಮಗಳನ್ನು ಎತ್ತಿಕೊಳ್ಳುತ್ತಿದ್ದರು. "ಮೂರು ತಿಂಗಳು ಇದನ್ನು ಸರಿ ಮಾಡಿ ಬನ್ನಿ" ಅಂದು ಡಾಕ್ಟರು ವಾಪಸ್ ಕಳಿಸಿದರು. ನನಗೆ ನಾಚಿಕೆ ಆಯಿತು. ಎಲ್ಲಾ ಸರಿ ಮಾಡಿದರೂ ತೊಗರಿ ರಾಶಿ ಹೊತ್ತಿಗೆ ಮತ್ತೆ ಎರಡು ಸಲ ಅಡ್ಮಿಟ್. ಆಮೇಲೇ ಸೂಜಿ.

ಮೊದಲ ದಿನ ಸೂಜಿ ಆದ ಮೇಲೆ ಎರಡು ತಾಸು ಅಲ್ಲೇ ಕೂರಿಸಿದರು. ಅಪರೂಪಕ್ಕೆ ಜೋರು ಅಲರ್ಜಿ ಆಗಬಹುದಂತೆ. ಬಸ್ಸು ತಪ್ಪುತ್ತದೆ ಅಂತ ಎದ್ದು ಬರಬೇಡಿ ಮತ್ತೆ. ಎರಡು ತಿಂಗಳು ಏನೂ ಫರಕು ಕಾಣಲಿಲ್ಲ. "ಸುಮ್ನೆ ನೀರು ಚುಚ್ಚುತ್ತಿದ್ದಾರೆ" ಅಂತ ಇವರು ಗೊಣಗಿದರು. ನಾಲ್ಕು ತಿಂಗಳಾದರೂ ನೋಡಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಈ ಸಲ ಶರಣಬಸವೇಶ್ವರ ಜಾತ್ರೆಯಲ್ಲಿ, ಆ ಧೂಳಲ್ಲಿ, ಸಣ್ಣಿ ಮೂರು ಸಲ ತಿರುಗುವ ತೊಟ್ಟಿಲಲ್ಲಿ ಕೂತಳು. ನಾನು ಕೆಳಗೆ ಪಂಪ್ ಹಿಡಿದು ನಿಂತಿದ್ದೇ ಬಂತು.

ಆದರೆ ಸೂಜಿ ಶುರುವಾಯಿತು ಅಂತ ದಿನದ ಪಂಪ್ ನೀವಾಗೇ ಬಿಡಿಸಬೇಡಿ. ದಮ್ಮು ಎದ್ದ ಹೊತ್ತಿಗೆ ಈ ಸೂಜಿ ಕೆಲಸಕ್ಕೆ ಬರುವುದಿಲ್ಲ, ಆಗ ತಕ್ಷಣಕ್ಕೆ ಕೊಟ್ಟಿರುವ ಪಂಪೇ ಬೇಕು.

ದುಡ್ಡಿನ ಮಾತು ಗ್ರೂಪಿನಲ್ಲಿ ಬೇಡ. ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ ಆಗುತ್ತಿತ್ತು, ಸಂಜೆ ಫೋನ್ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಮುತ್ತು ಪಂಪ್ ತಗೊಳ್ಳುವ ವೀಡಿಯೊ ಒಂದು ಕಳಿಸಿ. ಸಣ್ಣಿ ನೋಡಿ ತಪ್ಪು ಹಿಡಿಯುತ್ತಾಳೆ, ಈಗ ನಮ್ಮನೇಲಿ ಅವಳೇ ಟೀಚರ್.