ಪಿತ್ತನಾಳದ ಬಾಯಲ್ಲಿ ಅಡಿನೋಮಾ: ಎಂಡೋಸ್ಕೋಪಿಯಲ್ಲೇ ತೆಗೆಸಬಹುದೇ?

ಚನ್ನಗಿರಿ ತೋಟ (ಪ್ರಶ್ನೆ):
ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ತಂದೆಯವರಿಗೆ 62 ವರ್ಷ. ಮೈ ತುರಿಕೆ ಹಾಗೂ ಬಂದು ಹೋಗುವ ಕಾಮಾಲೆಗೆಂದು ದಾವಣಗೆರೆಯಲ್ಲಿ ತೋರಿಸಿದಾಗ, ಪಿತ್ತನಾಳವು ಸಣ್ಣ ಕರುಳಿಗೆ ತೆರೆದುಕೊಳ್ಳುವ ಜಾಗದಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಗಂಟು ಕಂಡಿತು. ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡುವ ಪರೀಕ್ಷೆ) ಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು ಎಂದು ಬಂದಿದೆ. ಒಬ್ಬ ವೈದ್ಯರು ದೊಡ್ಡ ಆಪರೇಷನ್ನೇ ಲೇಸು ಎಂದರೆ, ಇನ್ನೊಬ್ಬರು ಹೊಟ್ಟೆ ಕೊಯ್ಯದೆ ತೆಗೆಯಬಹುದೆಂದು ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. ಕ್ಯಾನ್ಸರ್ ಇಲ್ಲವೆಂದ ಮೇಲೆ ತೆಗೆಸಲೇಬೇಕೇ?

ದಾವಣಗೆರೆ ವೈದ್ಯ:
ಸಾಮಾನ್ಯವಾಗಿ ತೆಗೆಸುವುದೇ ಸರಿ. ಅಡಿನೋಮಾ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಲ್ಲದು. ಅಲ್ಲದೆ, ಸಾಸಿವೆಯಷ್ಟು ಚೂರನ್ನು ಕಿತ್ತು ಮಾಡಿದ ಬಯಾಪ್ಸಿಯನ್ನು ಕೊನೆಯ ಮಾತೆಂದು ನಂಬುವಂತಿಲ್ಲ. ಒಳಗೆ ಅಡಗಿದ ಕ್ಯಾನ್ಸರ್ ಮೇಲ್ಪದರದ ಚೂರಿನಲ್ಲಿ ಕಾಣದೇ ಹೋಗುವುದುಂಟು. ಇಡೀ ಗಂಟು ಹೊರಬಂದು ಪೆಥಾಲಜಿಸ್ಟ್ ಅದರ ಅಂಚು, ಬುಡಗಳನ್ನು ನೋಡಿದ ಮೇಲೆಯೇ ನಿಜ ತಿಳಿಯುವುದು.

ಹೊಟ್ಟೆ ಕೊಯ್ಯದೆ ತೆಗೆಯುವುದೆಂದರೆ, ಇಆರ್‌ಸಿಪಿಗೆ (ಪಿತ್ತನಾಳವನ್ನು ಎಂಡೋಸ್ಕೋಪಿಯಿಂದ ನೋಡುವ ವಿಧಾನ) ಬಳಸುವ, ಪಕ್ಕಕ್ಕೆ ನೋಡುವ ಎಂಡೋಸ್ಕೋಪನ್ನು ಬಾಯಿಯ ಮೂಲಕ ಇಳಿಸಿ, ತಂತಿಯ ಕುಣಿಕೆಯನ್ನು ಗಂಟಿನ ಬುಡಕ್ಕೆ ಬಿಗಿದು, ವಿದ್ಯುತ್ ಹಾಯಿಸಿ ಕತ್ತರಿಸುತ್ತಾರೆ. ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲಿಯೇ ತೆರೆಯುವುದರಿಂದ, ಕೊಯ್ದ ಜಾಗ ಊದಿಕೊಂಡು ಆ ನಾಳ ಕಟ್ಟಿಕೊಂಡರೆ ಪ್ಯಾಂಕ್ರಿಯಾಟೈಟಿಸ್ (ಆ ಗ್ರಂಥಿಯ ಉರಿಯೂತ) ಆಗುತ್ತದೆ. ಅದನ್ನು ತಡೆಯಲು ಆ ನಾಳದಲ್ಲಿ ಸಣ್ಣ ಪ್ಲಾಸ್ಟಿಕ್ ಸ್ಟೆಂಟ್ (ಕೊಳವೆ) ಇಡುತ್ತಾರೆ, ಗುದದ್ವಾರದಲ್ಲಿ ಇಂಡೊಮೆಥಾಸಿನ್ ಮಾತ್ರೆಯನ್ನೂ ಕೊಡುತ್ತಾರೆ. ರಕ್ತಸ್ರಾವ ಮತ್ತು ಅಪರೂಪಕ್ಕೆ ಕರುಳು ತೂತಾಗುವ ಅಪಾಯವೂ ಇದೆ.

ದೊಡ್ಡ ಆಪರೇಷನ್ ಎಂದರೆ ಬಹುಶಃ ವಿಪಲ್: ಮೇದೋಜೀರಕದ ತಲೆಭಾಗ, ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ಕೆಳಭಾಗ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುವುದು. ಗಂಟು ನಾಳದೊಳಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಹಬ್ಬಿದ್ದರೆ ಅಥವಾ ಕ್ಯಾನ್ಸರ್ ಆಳಕ್ಕೆ ಇಳಿದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು. ಇದನ್ನು ತಿಳಿಯಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಎಂಡೋಸ್ಕೋಪಿನ ತುದಿಯಿಂದ ಒಳಗಿನಿಂದಲೇ ಮಾಡುವ ಸ್ಕ್ಯಾನ್) ಮಾಡಿಸಿದ್ದೀರಾ? ಇಲ್ಲವಾದರೆ ಇಬ್ಬರು ವೈದ್ಯರಲ್ಲಿ ಯಾರು ಸರಿ ಎಂಬ ಚರ್ಚೆಗೆ ಇನ್ನೂ ಸಮಯವಿದೆ.

ಕೋಟೆ ಊರಿನವಳು, ಚಿತ್ರದುರ್ಗ:
ನಮ್ಮ ಅಮ್ಮನವರಿಗೆ ಎಂಡೋಸ್ಕೋಪಿಯಲ್ಲೇ ಇಂಥ ಗಂಟು ತೆಗೆದರು. ಒಂದು ಮಾತು ಹೇಳಬೇಕೆನಿಸಿತು. ರಕ್ತಸ್ರಾವ ಕೆಲವು ದಿನಗಳ ನಂತರವೂ ಆಗಬಹುದು. ಅಮ್ಮನವರಿಗೆ ಮಲ ಡಾಂಬರಿನಂತೆ ಕಪ್ಪಾಗಿ, ಎದ್ದು ನಿಂತರೆ ತಲೆ ಸುತ್ತತೊಡಗಿತು. ಆಗ ನಾವು ಬೆಂಗಳೂರಿನ ಅಕ್ಕನ ಮನೆಯಲ್ಲೇ ಇದ್ದುದರಿಂದ ಆಸ್ಪತ್ರೆ ಹತ್ತಿರವಾಯಿತು, ಅಂದೇ ಕ್ಲಿಪ್ ಹಾಕಿ ನಿಲ್ಲಿಸಿದರು. ಡಿಸ್ಚಾರ್ಜ್ ಆದೊಡನೆ ದಾವಣಗೆರೆ ಬಸ್ಸು ಹತ್ತಬೇಡಿ, ಅದು ಸುಮಾರು 260 ಕಿಲೋಮೀಟರ್ ದಾರಿ. ಸ್ಟೆಂಟ್ ತೆಗೆಸಲು, ಗಂಟು ಮರಳಿ ಬಂದಿದೆಯೇ ಎಂದು ನೋಡಿಸಲು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಮುಂದಿನ ತಪಾಸಣೆಯೊಂದರಲ್ಲಿ ಚಿಕ್ಕ ಚೂರು ಉಳಿದಿದ್ದು ಕಂಡು, ಅದನ್ನೂ ಸುಟ್ಟರು.

ಚನ್ನಗಿರಿ ತೋಟ:
ಇಬ್ಬರಿಗೂ ಧನ್ಯವಾದಗಳು. ಆ ಅಲ್ಟ್ರಾಸೌಂಡ್ ಆಗಿಲ್ಲ. ತಂದೆಯವರು ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಕಾಮಾಲೆಗೆ ಊರಿನ ನಾಟಿ ಔಷಧಿಯೂ ನಡೆಯುತ್ತಿದೆ.

ದಾವಣಗೆರೆ ವೈದ್ಯ:
ನಾಟಿ ಔಷಧಿಯನ್ನು ನಿಲ್ಲಿಸಿ. ನಾಳ ಕಟ್ಟಿ ಬಂದ ಕಾಮಾಲೆಗೆ ಸೊಪ್ಪಿನ ರಸ ದಾರಿ ಬಿಡಿಸಲಾರದು, ಚಳಿಜ್ವರ ಬಂದರಂತೂ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ; ಹೃದಯದ ವೈದ್ಯರೂ ಎಂಡೋಸ್ಕೋಪಿ ಮಾಡುವವರೂ ಸೇರಿ ನಿರ್ಧರಿಸಲಿ. ಈ ಅಡಿನೋಮಾ ಇರುವವರಿಗೆ ದೊಡ್ಡ ಕರುಳಿನಲ್ಲೂ ಪಾಲಿಪ್ (ಸಣ್ಣ ಗಂಟು) ಇರುವ ಸಂಭವ ಹೆಚ್ಚಾದ್ದರಿಂದ ಕೊಲೊನೋಸ್ಕೋಪಿಯ (ದೊಡ್ಡ ಕರುಳಿನ ಎಂಡೋಸ್ಕೋಪಿ) ಬಗ್ಗೆಯೂ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ, ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಆಯುಷ್ಮಾನ್ ರೆಫರಲ್ ವಿಚಾರಿಸಿ.