ಸಿ10 ತಗ್ಗಿಸಿದ ಮೇಲೆ ಮುಂದಿನ ಟೈರು ಒಳಗಡೆ ಸವೀತಿದೆ, ಶಿಮ್ ತೆಗೆದರೆ ಸಾಕಾ?

ಹೂಸ್ಟನ್_ಸಿ10:
ಗಾಡಿ 1972ರ ಷೆವ್ರೊಲೆ ಸಿ10 ಪಿಕಪ್, ಶಾರ್ಟ್ ಬೆಡ್, 115 ಇಂಚು ವೀಲ್‌ಬೇಸ್, ಪವರ್ ಸ್ಟೀರಿಂಗ್. ಮುಂದೆ 2.5 ಇಂಚಿನ ಡ್ರಾಪ್ ಸ್ಪಿಂಡಲ್ ಜೊತೆಗೆ 2 ಇಂಚು ತಗ್ಗಿಸೋ ಸ್ಪ್ರಿಂಗ್. ಹಿಂದೆ 6 ಇಂಚು ಇಳಿದಿದೆ, ಸಿ-ನಾಚ್ (ಆಕ್ಸಲ್ ಮೇಲೇರೋಕೆ ಫ್ರೇಮ್‌ನಲ್ಲಿ ಕತ್ತರಿಸಿದ ಜಾಗ) ಆಗಿದೆ. ಈಗ ಮುಂದಿನ ಟೈರುಗಳ ಒಳ ಅಂಚು ಬೇಗ ಸವೀತಿದೆ. ಹೈವೇಯಲ್ಲಿ ಅಲೆದಾಡುತ್ತೆ, ಬಲಕ್ಕೆ ಎಳೆಯುತ್ತೆ. ಅಲೈನ್‌ಮೆಂಟ್ ರೀಡಿಂಗ್:

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ, ಮೈನಸ್ ಅಂದರೆ ತಲೆ ಒಳಕ್ಕೆ): ಎಡ −1.8°, ಬಲ −1.5°
ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲಿಕೆ, ಪ್ಲಸ್ ಅಂದರೆ ಮೇಲ್ತುದಿ ಹಿಂದಕ್ಕೆ): ಎಡ +1.6°, ಬಲ +1.0°
ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು): ಒಟ್ಟು 1/4 ಇಂಚು ಔಟ್

ಮೇಲಿನ ಕಂಟ್ರೋಲ್ ಆರ್ಮ್‌ನ (ಚಕ್ರವನ್ನ ಫ್ರೇಮ್‌ಗೆ ಸೇರಿಸೋ ತೋಳು) ಎಲ್ಲಾ ಬೋಲ್ಟಲ್ಲೂ 3/16 ಇಂಚು ಶಿಮ್ (ಹೊಂದಾಣಿಕೆಯ ತೆಳು ತಗಡು) ಉಳಿದಿದೆ. ಅದನ್ನ ತೆಗೆದರೆ ಸಾಕಾ, ಇಲ್ಲ ಆರ್ಮೇ ಬದಲಾಯಿಸಬೇಕಾ?

ಕಿಂಗ್‌ಪಿನ್:
ಸ್ಪಿಂಡಲ್‌ನಿಂದ ಬಂದ 2.5 ಇಂಚನ್ನ ಮೊದಲು ಲೆಕ್ಕದಿಂದ ಬಿಡಿ. ಡ್ರಾಪ್ ಸ್ಪಿಂಡಲ್‌ನಲ್ಲಿ ಚಕ್ರ ಕೂರೋ ಪಿನ್ ಮಾತ್ರ ಮೇಲಕ್ಕೆ ಹೋಗಿರುತ್ತೆ. ಬಾಲ್ ಜಾಯಿಂಟ್ (ಸ್ಪಿಂಡಲ್ಲನ್ನ ಆರ್ಮ್‌ಗೆ ಸೇರಿಸೋ ಗುಂಡು ಕೀಲು), ಕಂಟ್ರೋಲ್ ಆರ್ಮ್ ಎಲ್ಲಾ ಮೊದಲಿದ್ದ ಕೋನದಲ್ಲೇ ಇರುತ್ತೆ. ಕ್ಯಾಂಬರ್ ಕೆಡಿಸಿದ್ದು 2 ಇಂಚಿನ ಸ್ಪ್ರಿಂಗ್. ಫ್ರೇಮ್ ಕೆಳಗಿಳಿದಾಗ ಎರಡೂ ಆರ್ಮ್‌ಗಳ ಹೊರತುದಿ ಫ್ರೇಮ್‌ಗಿಂತ ಮೇಲಕ್ಕೇರುತ್ತೆ. ಮೇಲಿನ ಆರ್ಮ್ ಗಿಡ್ಡ, ಹಾಗಾಗಿ ಅದರ ಬಾಲ್ ಜಾಯಿಂಟ್ ಬೇಗ ಒಳಕ್ಕೆ ಸರಿದು ಚಕ್ರದ ತಲೆ ಒಳಗೆ ವಾಲುತ್ತೆ. ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗೋ ಸರಳು) ಬೇರೆಯದೇ ವೃತ್ತದಲ್ಲಿ ತಿರುಗೋದರಿಂದ ಟೋ ಕೂಡ ಅದೇ ಹೊತ್ತಿಗೆ ಕೆಡುತ್ತೆ.

ಟೈರ್ ತಿಂತಿರೋದರಲ್ಲಿ ಹೆಚ್ಚಿನ ಪಾಲು ಆ 1/4 ಇಂಚು ಟೋ-ಔಟ್‌ದೇ ಅಂತ ನನ್ನ ಅಂದಾಜು. ಟ್ರೆಡ್ ಮೇಲೆ ಅಂಗೈ ಅಡ್ಡಡ್ಡ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ವಾಪಸ್ ತಂದಾಗ ಗರಗಸದ ಹಲ್ಲಿನ ಥರ ಚುಚ್ಚಿದರೆ ಅದು ಟೋ ಸವೆತ. ಒಳ ಅಂಚು ಬರೀ ನುಣ್ಣಗೆ ಇಳಿಜಾರಾಗಿದ್ದರೆ ಕ್ಯಾಂಬರ್.

ಶಿಮ್‌ಪ್ಯಾಕ್:
ಶಿಮ್ ಲೆಕ್ಕ ಹೇಳ್ತೀನಿ. ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್ ನಡುವೆ ಹತ್ತು ಇಂಚು ಅಂದುಕೊಂಡರೆ, ಎರಡೂ ಬೋಲ್ಟಿಂದ 1/16 ಇಂಚು ತೆಗೆದಾಗ ಕ್ಯಾಂಬರ್ ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಬದಲಾಗುತ್ತೆ. ಆರ್ಮ್ ತಿರುಗೋ ಶಾಫ್ಟ್ ಫ್ರೇಮ್ ಬ್ರಾಕೆಟ್‌ನ ಎಂಜಿನ್ ಕಡೆ ಕೂತಿದ್ದರೆ ಶಿಮ್ ತೆಗೆದಷ್ಟೂ ಆರ್ಮ್ ಹೊರಕ್ಕೆ ಬಂದು ಪಾಸಿಟಿವ್ ಕಡೆ ಹೋಗುತ್ತೆ. ನಿಮ್ಮ 3/16 ಪೂರ್ತಿ ತೆಗೆದರೆ ಸುಮಾರು ಒಂದು ಡಿಗ್ರಿ ಸಿಗುತ್ತೆ: ಎಡ −0.8°, ಬಲ −0.5°. ರಸ್ತೆ ಗಾಡಿಗೆ 0ಯಿಂದ −0.5° ಒಳಗಿದ್ದರೆ ಒಳ್ಳೆಯದು, ಅಂದರೆ ಬಹುತೇಕ ಬಂತು.

ಆದರೆ ಕ್ಯಾಸ್ಟರ್‌ಗೆ ಏನು ಉಳೀತು? ಏನೂ ಇಲ್ಲ. ಕ್ಯಾಸ್ಟರ್ ಹೆಚ್ಚಿಸೋಕೆ ಮುಂದಿನ ಬೋಲ್ಟಿನ ಶಿಮ್ ತೆಗೆದು ಹಿಂದಿನ ಬೋಲ್ಟಿಗೆ ಹಾಕಬೇಕು, ಆಗ ಬಾಲ್ ಜಾಯಿಂಟ್ ಹಿಂದಕ್ಕೆ ಸರಿಯುತ್ತೆ. ಕ್ಯಾಂಬರ್‌ಗೇ ಎಲ್ಲಾ ಖರ್ಚಾದ ಮೇಲೆ ಈ ಆಟಕ್ಕೆ ಜಾಗ ಇಲ್ಲ. ಗಾಡಿ ಅಲೆದಾಡೋದಕ್ಕೆ ಈ ಕಡಿಮೆ ಕ್ಯಾಸ್ಟರೇ ದೊಡ್ಡ ಕಾರಣ, ಟೋ-ಔಟ್ ಅದಕ್ಕೆ ಕೈ ಜೋಡಿಸಿದೆ.

ಹಾಗಾಗಿ ಬರೀ ಶಿಮ್ ಸಾಲಲ್ಲ. ಅಗ್ಗದ ದಾರಿ ಆಫ್‌ಸೆಟ್ ಶಾಫ್ಟ್, ಅಂದರೆ ಆರ್ಮನ್ನ ಹೊರಕ್ಕೆ ಸರಿಸಿ ಕೂರಿಸೋ ಶಾಫ್ಟ್. ಕೈಯಲ್ಲಿ ದುಡ್ಡಿದ್ದರೆ ಕ್ಯಾಸ್ಟರ್ ಸೇರಿಸಿಯೇ ಮಾಡಿರೋ ಟ್ಯೂಬುಲರ್ ಮೇಲಿನ ಆರ್ಮ್ ಹಾಕಿ, ಶಿಮ್ ಮತ್ತೆ ಸಣ್ಣಪುಟ್ಟ ಹೊಂದಾಣಿಕೆಗೆ ಉಳಿಯುತ್ತೆ. ಗುರಿ: ಕ್ಯಾಸ್ಟರ್ ಎಡ +3.5°, ಬಲ +4°, ಟೋ-ಇನ್ ಒಟ್ಟು 1/16ರಿಂದ 1/8 ಇಂಚು. ಬಲಕ್ಕೆ ಅರ್ಧ ಡಿಗ್ರಿ ಜಾಸ್ತಿ ಯಾಕೆ ಅಂದರೆ, ಅಮೆರಿಕದ ರಸ್ತೆ ಬಲಕ್ಕೆ ಇಳಿಜಾರು, ಗಾಡಿ ಕ್ಯಾಸ್ಟರ್ ಕಡಿಮೆ ಇರೋ ಕಡೆಗೆ ಎಳೆಯುತ್ತೆ. ನಿಮ್ಮದು ಈಗ ಉಲ್ಟಾ ಇದೆ, ಬಲಕ್ಕೆ ಎಳೆಯದೆ ಇನ್ನೇನು ಮಾಡೀತು!

ಈ ಅಂಕಿಗಳನ್ನ ಚೀಟಿಯಲ್ಲಿ ಬರೆದು ಅಂಗಡಿಗೆ ಕೊಡಿ. ಇಲ್ಲದಿದ್ದರೆ ಮೆಷಿನ್‌ನಲ್ಲಿರೋ 1972ರ ಸ್ಪೆಕ್‌ಗೇ ತಂದು ನಿಲ್ಲಿಸ್ತಾರೆ. ಅದು ರೇಡಿಯಲ್ ಟೈರನ್ನ ಮನಸ್ಸಲ್ಲಿಟ್ಟು ಬರೆದಿದ್ದಲ್ಲ.

ಹೂಸ್ಟನ್_ಸಿ10:
ಧನ್ಯವಾದ ಸರ್. ಹಿಂದೆ 6 ಇಳಿಸಿದ್ದು ಮುಂದಿನ ಅಲೈನ್‌ಮೆಂಟ್‌ಗೂ ತಟ್ಟುತ್ತಾ? ಹಿಂದಿನ ಚಕ್ರ ಒಂದು ಕಡೆ ಫೆಂಡರ್ ಹತ್ತಿರ ಬಂದಿದೆ.

ಕಿಂಗ್‌ಪಿನ್:
ತಟ್ಟುತ್ತೆ, ಆದರೆ ನಿಮಗೆ ಅನುಕೂಲವಾಗೋ ಹಾಗೆ. ಮುಂದೆ 4.5, ಹಿಂದೆ 6. ಹಿಂದೆ 1.5 ಇಂಚು ಹೆಚ್ಚು ಇಳಿದಿರೋದರಿಂದ 115 ಇಂಚಿನ ವೀಲ್‌ಬೇಸ್‌ಗೆ ಫ್ರೇಮ್ ಸುಮಾರು 0.75° ಹಿಂದಕ್ಕೆ ವಾಲಿದೆ, ಅಷ್ಟೂ ಪಾಸಿಟಿವ್ ಕ್ಯಾಸ್ಟರ್ ಆಗಿ ಸಿಕ್ಕಿದೆ. ಆಮೇಲೆ ಹಿಂಭಾಗದ ಎತ್ತರ ಬದಲಾಯಿಸಿದರೆ ಕ್ಯಾಸ್ಟರ್ ಮತ್ತೆ ಹಾಳು. ಅದಕ್ಕೇ ಹಿಂದುಗಡೆ ಕೆಲಸ ಮೊದಲು ಮುಗಿಸಿ.

ಚಕ್ರ ಪಕ್ಕಕ್ಕೆ ಬಂದಿರೋದು ಪ್ಯಾನ್‌ಹಾರ್ಡ್ ಬಾರ್‌ನಿಂದ. ಅದರ ಒಂದು ತುದಿ ಫ್ರೇಮಲ್ಲಿ, ಇನ್ನೊಂದು ಆಕ್ಸಲ್‌ನಲ್ಲಿ. ಗಾಡಿ ಇಳಿದಾಗ ಬಾರ್‌ನ ಕೋನ ಬದಲಾಗಿ ಆಕ್ಸಲ್ಲನ್ನ ಪಕ್ಕಕ್ಕೆ ತಳ್ಳುತ್ತೆ ಅಥವಾ ಎಳೆಯುತ್ತೆ. ಅಡ್ಜಸ್ಟಬಲ್ ಬಾರ್ ಹಾಕಿ, ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಎರಡೂ ಕಡೆ ಫ್ರೇಮಿಂದ ಟೈರಿಗೆ ಅಳೆದು ಸಮ ಮಾಡಿ. ಹಾಗೇ ಟ್ರೇಲಿಂಗ್ ಆರ್ಮ್‌ನ (ಆಕ್ಸಲ್ಲನ್ನ ಮುಂದಿನಿಂದ ಹಿಡಿದಿರೋ ಉದ್ದ ತೋಳು) ಮುಂದಿನ ಬೋಲ್ಟಿಂದ ಆಕ್ಸಲ್‌ವರೆಗೆ ಎಡ ಬಲ ಎರಡನ್ನೂ ಅಳೆಯಿರಿ. ಆಕ್ಸಲ್ ಬರೀ ಪಕ್ಕಕ್ಕೆ ಸರಿದಿದ್ದರೆ ಥ್ರಸ್ಟ್ ಆಂಗಲ್ (ಹಿಂದಿನ ಆಕ್ಸಲ್ ಗಾಡಿಯನ್ನ ತಳ್ಳೋ ದಿಕ್ಕು) ಕೆಡಲ್ಲ. ಈ ಎರಡು ಅಳತೆ ಬೇರೆ ಬೇರೆ ಬಂದರೆ ಕೆಡುತ್ತೆ, ಸ್ಟೀರಿಂಗ್ ವೀಲ್ ಸೊಟ್ಟ ನಿಲ್ಲುತ್ತೆ. ಪಿನಿಯನ್ (ಡ್ರೈವ್‌ಶಾಫ್ಟ್ ಬಂದು ಸೇರೋ ಆಕ್ಸಲ್‌ನ ಮೂತಿ) ಕೋನ ಕೂಡ ಒಮ್ಮೆ ನೋಡಿ. ಆಕ್ಸಲ್ಲನ್ನ ಆರ್ಮ್‌ಗೆ ಯು-ಬೋಲ್ಟಲ್ಲಿ ಬಿಗಿದಿರೋದರಿಂದ ಆರ್ಮ್‌ನ ಹಿಂತುದಿ ಮೇಲೇರಿದಾಗ ಪಿನಿಯನ್ ಮೂತಿ ಕೆಳಕ್ಕೆ ಬಾಗುತ್ತೆ.

ಟೂಲ್‌ರೂಮ್:
ಟ್ರೇಲಿಂಗ್ ಆರ್ಮ್‌ನ ಮುಂದಿನ ರಬ್ಬರ್ ಬುಶ್ ಬೋಲ್ಟನ್ನ ಜ್ಯಾಕ್ ಮೇಲೆ ಚಕ್ರ ನೇತಾಡುವಾಗ ಬಿಗಿಯಬೇಡಿ. ರಬ್ಬರ್ ತಿರುಚಿಕೊಂಡು ಗಾಡಿಯನ್ನ ಸ್ವಲ್ಪ ಎತ್ತಿ ಹಿಡಿಯುತ್ತೆ, ಅದರ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಆಮೇಲೆ ಬುಶ್ ಹರಿದು ಎತ್ತರ ಇಳಿದರೆ ಎಲ್ಲಾ ವ್ಯರ್ಥ. ಮುಂದಿನ ಆರ್ಮ್‌ಗೂ ರಬ್ಬರ್ ಬುಶ್ ಇದ್ದರೆ ಇದೇ ನಿಯಮ. ಕ್ಯಾಸ್ಟರ್, ಕ್ಯಾಂಬರ್ ಎರಡೂ ಮುಗಿದ ಮೇಲೇ ಟೋ. ಶಿಮ್ ಅಲುಗಿದರೆ ಟೋ ಅಲುಗುತ್ತೆ.

ಎಫ್100_ಪ್ರಿಯ:
ಇದೇ ಲೆಕ್ಕ 1965–79ರ ಫೋರ್ಡ್ ಎಫ್-100ಗೆ ನಡೆಯುತ್ತಾ? ಸ್ಪ್ರಿಂಗ್ ಬದಲಾಯಿಸಿ 2 ಇಂಚು ಇಳಿಸಬೇಕು.

ಶಿಮ್‌ಪ್ಯಾಕ್:
ನಡೆಯಲ್ಲ. ಅದು ಟ್ವಿನ್ ಐ-ಬೀಮ್. ಒಂದೊಂದು ಚಕ್ರವೂ ಒಂದೇ ಉದ್ದ ಬೀಮ್‌ನಲ್ಲಿ ಎದುರು ಕಡೆಯ ಪಿವಟ್ ಸುತ್ತ ತಿರುಗುತ್ತೆ. ಬೀಮ್ ಮೂರು ಅಡಿ ಆಸುಪಾಸು ಅಂದರೆ ಇಂಚಿಗೆ ಒಂದೂವರೆ ಡಿಗ್ರಿ, 2 ಇಂಚಿಗೆ ಸುಮಾರು 3° ನೆಗೆಟಿವ್ ಕ್ಯಾಂಬರ್. ತೆಗೆಯೋಕೆ ಶಿಮ್ಮೇ ಇಲ್ಲ. ಬೀಮನ್ನ ಪ್ರೆಸ್‌ನಲ್ಲಿ ತಣ್ಣಗೇ ಬಗ್ಗಿಸಬೇಕು, ಗ್ಯಾಸ್ ಟಾರ್ಚ್ ಹತ್ತಿರ ತರಬಾರದು. ಅದಕ್ಕಿಂತ ಡ್ರಾಪ್ ಬೀಮ್ (ತಗ್ಗಿಸೋಕೆಂದೇ ಮಾಡಿರೋ ಬೀಮ್) ಹಾಕಿಸೋದೇ ವಾಸಿ.