ಬೆಟ್ಟೆಯೋ, ರಾಶಿಯೋ, ಚಾಲಿಯೋ: ಕಠಿಣ ಪದಬಂಧದ ಸುಖ ಮತ್ತು ಸಂಕಟ

ಪ್ರಶ್ನೆ: ತೀರ್ಥಹಳ್ಳಿ ಸೀಮೆಯ ತೋಟದ ಮನೆಯಿಂದ

ಪದಬಂಧಪ್ರಿಯರೆಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಪದಬಂಧ ಬಿಡಿಸುತ್ತ ಬಂದಿರುವ ನನಗೆ ಈಚೆಗೆ ಒಂದು ಸಂದೇಹ ಬಲವಾಗುತ್ತಿದೆ. ಕಠಿಣವೆಂದು ನಾವು ಹೊಗಳುವ ಪದಬಂಧಗಳಲ್ಲಿ ನಿಜವಾಗಿ ಕಠಿಣವಾದವು ಎಷ್ಟು, ಸುಳಿವನ್ನು ಸರಿಯಾಗಿ ಕೊಡದೆ ಸತಾಯಿಸುವಂಥವು ಎಷ್ಟು?

ಕಳೆದ ತಿಂಗಳು ನಡೆದದ್ದನ್ನು ಹೇಳುತ್ತೇನೆ. ಎಡದಿಂದ ಬಲಕ್ಕೆ ಎರಡು ಚೌಕದ ಒಂದು ಪದಕ್ಕೆ ‘ಅಡಿಕೆಯಲ್ಲೊಂದು ಬಗೆ’ ಎಂಬ ಸುಳಿವಿತ್ತು. ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇದೂ ಒಂದು ಪ್ರಶ್ನೆಯೇ ಎಂದುಕೊಂಡು ಪೆನ್ನಿನಲ್ಲೇ ‘ಬೆಟ್ಟೆ’ ಎಂದು ಬರೆದೆ. ಅದರ ಎರಡನೆಯ ಅಕ್ಷರದಲ್ಲಿ ಬಂದು ಮುಗಿಯುವ, ಮೇಲಿನಿಂದ ಕೆಳಕ್ಕಿರುವ ಇನ್ನೊಂದು ಎರಡಕ್ಷರದ ಪದಕ್ಕೆ ‘ದುಂಬಿ’ ಎಂದಷ್ಟೇ ಸುಳಿವು. ‘ಟ್ಟೆ’ಯಲ್ಲಿ ಮುಗಿಯುವ ದುಂಬಿ ಯಾವುದು? ಅಂದು ಭಾನುವಾರ, ಮಳೆ ಬೆಳಿಗ್ಗೆಯಿಂದ ಹಿಡಿದು ಕೂತಿತ್ತು, ಕರೆಂಟ್ ಹೋಗಿತ್ತು. ಕಿಟಕಿಯ ಬೆಳಕಿನಲ್ಲಿ ಕಿಟೆಲ್ ನಿಘಂಟನ್ನು ಸಂಜೆಯವರೆಗೆ ತಿರುವಿ ಹಾಕಿ, ಕೊನೆಗೆ ‘ಚಿಟ್ಟೆ’ ಎಂದು ತುಂಬಿಸಿ, ಚಿಟ್ಟೆಗೂ ದುಂಬಿಗೂ ವ್ಯತ್ಯಾಸ ತಿಳಿಯದ ಪದಬಂಧಕಾರರನ್ನು ಮನಸಾರೆ ಬೈದುಕೊಂಡೆ. ಮುಂದಿನ ವಾರ ಉತ್ತರ ಬಂತು: ‘ಚಾಲಿ’ ಮತ್ತು ‘ಅಲಿ’.

ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಿಗೆ ಹರವಿ ಒಣಗಿಸಿದರೆ ಚಾಲಿಯಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಶಿವಮೊಗ್ಗದ ಮಂಡಿಯಲ್ಲಿ ನಮ್ಮ ಕಿವಿಗೆ ಬೀಳುವುದು ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಮಾತುಗಳೇ. ಎರಡಕ್ಷರಕ್ಕೆ ಮೂರು ಸರಿಯುತ್ತರಗಳಿರುವ ಇಂಥ ಸುಳಿವನ್ನು ಕಠಿಣವೆನ್ನಬೇಕೇ, ದೋಷವೆನ್ನಬೇಕೇ?

ಉತ್ತರ 1: ಶಿವಮೊಗ್ಗದಿಂದ, ನಿವೃತ್ತ ಕನ್ನಡ ಅಧ್ಯಾಪಕ

ತಾವು ಬೇಸರಪಟ್ಟುಕೊಳ್ಳುವುದಿಲ್ಲವೆಂದು ನಂಬಿ ಹೇಳುತ್ತೇನೆ, ಈ ಪ್ರಸಂಗದಲ್ಲಿ ಪದಬಂಧಕಾರರ ತಪ್ಪಿಲ್ಲ. ಅಡಿಕೆಯ ಕಡೆ ಬೆಟ್ಟೆ, ರಾಶಿ, ಚಾಲಿಗಳನ್ನೂ ದುಂಬಿಯ ಕಡೆ ತುಂಬಿ, ಭೃಂಗ, ಅಳಿ, ಅಲಿಗಳನ್ನೂ ಇಟ್ಟು ನೋಡಿದರೆ ಕೊನೆಯ ಅಕ್ಷರ ಕೂಡುವುದು ‘ಲಿ’ಯಲ್ಲಿ ಮಾತ್ರ. ಎರಡು ಸುಳಿವುಗಳೂ ಬೇರೆಬೇರೆಯಾಗಿ ಸಡಿಲವಾಗಿದ್ದರೂ ಒಂದನ್ನೊಂದು ಬಿಗಿದಿವೆ. ಚಿಟ್ಟೆ ದುಂಬಿಯಲ್ಲವೆಂದು ತಮಗೆ ತಿಳಿದಿತ್ತು. ತಿಳಿದೂ ಬೆಟ್ಟೆಯನ್ನು ಬಿಡಲು ಮನಸ್ಸು ಬರಲಿಲ್ಲ. ಪೆನ್ನಿನಲ್ಲಿ ಬರೆದದ್ದಕ್ಕೆ ಇಷ್ಟು ದಂಡ ಸಾಮಾನ್ಯ.

ಆದರೆ ತಮ್ಮ ಸಂದೇಹದ ಬೇರು ಬೇರೆಡೆ ಇದೆ, ಅದು ನಮ್ಮ ಲಿಪಿಯಲ್ಲಿದೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಅವರ ವಜ್ರಾಕಾರದ ಪದಬಂಧ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾದಾಗ ಒಂದು ಚೌಕಕ್ಕೆ ಬರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಾದರೋ ವ್ಯಂಜನ, ಅದರ ಒತ್ತು, ಅದರ ಮೇಲಿನ ಸ್ವರ ಎಲ್ಲ ಸೇರಿ ಒಂದು ಚೌಕವಾಗುತ್ತದೆ. 34 ವ್ಯಂಜನಗಳಿಗೆ ಬರಿಯ ಕಾಗುಣಿತ ಹಾಕಿದರೇ ಲೆಕ್ಕ 400 ದಾಟುತ್ತದೆ, ಒತ್ತಕ್ಷರಗಳನ್ನು ಎಣಿಸುವ ಗೋಜಿಗೇ ಹೋಗುವುದು ಬೇಡ. ಹೀಗಾಗಿ ಅಡ್ಡಪದವೂ ಉದ್ದಪದವೂ ಕೂಡುವ ಚೌಕದಲ್ಲಿ ‘ಕೆ’ ಬೇಕಾದ ಕಡೆ ‘ಕೇ’ ಬಂದರೂ ಕೆಲಸ ಕೆಟ್ಟಿತು. ‘ಬೆಟ್ಟೆ’, ‘ಹಬ್ಬ’, ‘ಹಳ್ಳಿ’ಗಳಂಥ ನಮ್ಮ ಅಚ್ಚಗನ್ನಡ ಮಾತುಗಳ ಎರಡನೆಯ ಅಕ್ಷರದಿಂದ ಯಾವ ಪದವನ್ನೂ ಕೆಳಕ್ಕೆ ಇಳಿಸಲು ಬಾರದು, ಏಕೆಂದರೆ ‘ಟ್ಟೆ’, ‘ಬ್ಬ’, ‘ಳ್ಳಿ’ಗಳಿಂದ ಕನ್ನಡದಲ್ಲಿ ಮಾತು ಆರಂಭವಾಗುವುದಿಲ್ಲ. ಪದಬಂಧ ಕಟ್ಟುವವರು ಕಪ್ಪು ಚೌಕಗಳನ್ನು ಹೆಚ್ಚಿಸುತ್ತಾರೆ, ಇಲ್ಲವೇ ಒತ್ತಿಲ್ಲದ ಮೂರಕ್ಷರದ ಸಂಸ್ಕೃತ ಪದಗಳ ಮೊರೆ ಹೋಗುತ್ತಾರೆ. ಅಲ್ಲಿಂದ ಮುಂದಿನದು ತಮಗೆ ಗೊತ್ತೇ ಇದೆ: ‘ಗಾಳಿ’ ಎಂಬ ಸುಳಿವಿಗೆ ಅನಿಲ, ಪವನ, ಮಾರುತ, ಸಮೀರ ನಾಲ್ಕೂ ಹೊಂದುತ್ತವೆ, ನಾವು ನಾಲ್ಕನ್ನೂ ಅಂಚಿನಲ್ಲಿ ಬರೆದುಕೊಂಡು ಕಾಯುತ್ತ ಕೂರುತ್ತೇವೆ. ನನ್ನ ಆಕ್ಷೇಪ ಇರುವುದು ಈ ಕಾಯುವ ಆಟದ ಮೇಲೆ. ಅದಕ್ಕೆ ಜಾಣ್ಮೆ ಬೇಡ, ಪರ್ಯಾಯಪದಗಳ ಪಟ್ಟಿ ಬಾಯಿಗೆ ಬಂದರೆ ಸಾಕು.

ಉತ್ತರ 2: ಸಾಗರದಿಂದ

ಅಧ್ಯಾಪಕರ ಮಾತಿಗೆ ನನ್ನ ಸಹಮತವಿದೆ. ಜೊತೆಗೆ ಒಂದು ದಾರಿಯೂ ತೋರುತ್ತದೆ. ನಾನು ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧಗಳನ್ನೂ ಬಿಡಿಸುವವಳು. ಅಲ್ಲಿಯ ಹಿರಿಯ ಪದಬಂಧಕಾರರೊಬ್ಬರು ‘ಅಬ್ಸರ್ವರ್’ ಪತ್ರಿಕೆಗೆ ‘ಟಾರ್ಕ್ವೆಮಾಡಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅದು ಸ್ಪೇನಿನಲ್ಲಿ ಚಿತ್ರಹಿಂಸೆಗೆ ಕುಖ್ಯಾತನಾದ ಧಾರ್ಮಿಕ ವಿಚಾರಣಾಧಿಕಾರಿಯ ಹೆಸರು, ಅಂದಮೇಲೆ ಅವರ ಉದ್ದೇಶದಲ್ಲಿ ಮುಚ್ಚುಮರೆ ಇರಲಿಲ್ಲ. ಅಲ್ಲಿ ಒಂದು ಸುಳಿವಿನಲ್ಲಿ ಎರಡು ದಾರಿಗಳಿರುತ್ತವೆ: ಒಂದು ಅರ್ಥದ ದಾರಿ, ಇನ್ನೊಂದು ಅಕ್ಷರಗಳ ಆಟದ ದಾರಿ. ಎರಡೂ ಒಂದೇ ಮನೆಗೆ ಮುಟ್ಟಿದಾಗ ಉತ್ತರ ಸರಿಯೋ ತಪ್ಪೋ ಎಂದು ಮುಂದಿನ ವಾರದ ಸಂಚಿಕೆಯನ್ನು ಕಾಯಬೇಕಾಗಿಲ್ಲ.

ಕನ್ನಡದಲ್ಲಿ ಇದು ಆಗುವುದಿಲ್ಲವೆಂದು ಹೇಳುವವರಿಗಾಗಿ ನಾನೇ ಕಟ್ಟಿದ ಒಂದು ಸುಳಿವು: ‘ಹಿಂದಕ್ಕೆ ಹರಿದ ಹೊಳೆಗೆ ಒಂದು ಹಗಲು, ಒಂದು ರಾತ್ರಿ (2)’. ಹೊಳೆಯೆಂದರೆ ನದಿ, ಅದನ್ನು ತಿರುಗಿಸಿದರೆ ‘ದಿನ’. ಇಲ್ಲಿ ನಮ್ಮ ಅಕ್ಷರ ಇಡಿಯಾಗಿಯೇ ತಿರುಗುತ್ತದೆ, ಲಿಪಿಯೇ ನಮಗೆ ನೆರವಾಗುತ್ತದೆ. ಇನ್ನೊಂದು: ‘ಇಂಬಳ ಇರುವ ಜಾಗ, ಅದರ ಕೆಲಸ (2)’. ಇಂಬಳವೆಂದರೆ ಜಿಗಣೆ, ಉತ್ತರ ‘ಕಾಡು’. ಮೂರನೆಯದನ್ನು ಬಿಡಿಸದೆ ಇಡುತ್ತೇನೆ: ‘ಗಾಂಧಾರವನ್ನು ನುಂಗಿದ ತಿರುಳು ಮಲೆನಾಡಿನ ಪಟ್ಟಣ (3)’.

ಉತ್ತರ 3: ಹೊಸನಗರದಿಂದ

ನದಿಯ ಸುಳಿವು ಬಹಳ ಚೆನ್ನಾಗಿದೆ. ಇಂಬಳದ ಸುಳಿವನ್ನು ಮಾತ್ರ ಒಪ್ಪಲಾರೆ. ಇಂಬಳದ ಕೆಲಸ ‘ಕಾಟ’ ಅಥವಾ ‘ಕಾಡುವುದು’. ‘ಕಾಡು’ ಎಂಬುದು ಧಾತು. ನಾಮಪದವನ್ನು ಕೇಳಿ ಕ್ರಿಯಾಪದದ ಧಾತುವನ್ನು ಉತ್ತರವಾಗಿ ಕೊಟ್ಟರೆ ಬಿಡಿಸುವವನಿಗೆ ಅನ್ಯಾಯವಾಗುತ್ತದೆ. ‘ಇಂಬಳ ಇರುವ ಜಾಗ, ಪೀಡಿಸು’ ಎಂದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ, ಆದರೆ ಆಗ ಸ್ವಾರಸ್ಯ ಅರ್ಧ ಇಳಿಯುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಉತ್ತರ 4: ಶಿವಮೊಗ್ಗದ ಅಧ್ಯಾಪಕರಿಂದ ಮತ್ತೆ

ಹೊಸನಗರದವರ ತಕರಾರು ಹಳೆಯ ಪರಂಪರೆಯದು. ನಮ್ಮ ಕವಿರಾಜಮಾರ್ಗಕ್ಕೆ ಆಕರವಾದ ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಗಳ, ಎಂದರೆ ಒಗಟುಗಳ, 16 ಬಗೆಗಳಿವೆ. ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಗುಟ್ಟಾಗಿ ಮಾತನಾಡುವುದಕ್ಕೆ, ಇತರರನ್ನು ತಬ್ಬಿಬ್ಬುಗೊಳಿಸುವುದಕ್ಕೆ ಇವು ಉಪಯೋಗವೆಂದು ದಂಡಿ ಹೇಳುತ್ತಾನೆ. ಅಷ್ಟೇ ಅಲ್ಲ, ಪೂರ್ವಾಚಾರ್ಯರು ಇನ್ನೂ 14 ದುಷ್ಟ ಪ್ರಹೇಲಿಕೆಗಳನ್ನು ಹೇಳಿದ್ದರೆಂದು ತಿಳಿಸಿ, ದೋಷಗಳಿಗೆ ಲೆಕ್ಕವಿಲ್ಲವೆಂದು ಅವನ್ನು ಕೈಬಿಟ್ಟು, ಒಳ್ಳೆಯವನ್ನು ಮಾತ್ರ ವಿವರಿಸುತ್ತಾನೆ. ತಬ್ಬಿಬ್ಬುಗೊಳಿಸುವುದು ಅವನಿಗೆ ದೋಷವಲ್ಲ, ಅದೇ ಪ್ರಯೋಜನ. ಹಾಗಿದ್ದೂ ಒಗಟಿನಲ್ಲಿ ಒಳ್ಳೆಯದು ಕೆಟ್ಟದ್ದು ಇದೆಯೆಂದು ಅವನು ತಿಳಿದಿದ್ದ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಬೆಟ್ಟೆಯ ವಿಷಯದಲ್ಲಿ ಸೋಲನ್ನು ಒಪ್ಪಿಕೊಂಡಿದ್ದೇನೆ, ಪೆನ್ಸಿಲನ್ನೂ ತರಿಸಿದ್ದೇನೆ.

ಸಾಗರದ ಅಕ್ಕನವರ ಮೂರನೆಯ ಸುಳಿವು ನನ್ನನ್ನು ಎರಡು ದಿನ ಸುತ್ತಿಸಿತು. ಗಾಂಧಾರವೆಂದ ಕೂಡಲೇ ನಾನು ಶಕುನಿಯ ದೇಶಕ್ಕೆ ಹೋಗಿ ಕುಳಿತುಬಿಟ್ಟೆ; ಮಲೆನಾಡಿನ ಯಾವ ಊರಿಗೂ ಮಹಾಭಾರತದ ಆ ಮೂಲೆಗೂ ನಂಟು ಹೊಸೆಯಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಮಗು ‘ಸರಿಗಮ’ ಒಪ್ಪಿಸುವುದು ಬೇಲಿಯಾಚೆಯಿಂದ ಕೇಳಿಸಿತು. ನಾನು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದವನು ಹಾಗೆಯೇ ನಿಂತೆ. ಗಾಂಧಾರವೆಂದರೆ ಸ್ವರ, ಎಂದರೆ ‘ಗ’; ತಿರುಳು ‘ಸಾರ’; ಅದರ ಹೊಟ್ಟೆಯೊಳಗೆ ‘ಗ’ ಹೋದರೆ ಸುಳಿವು ಕೊಟ್ಟವರ ಊರೇ! ಉತ್ತರ ಎರಡು ದಿನದಿಂದ ಕಣ್ಣೆದುರಿಗೆ, ‘ಉತ್ತರ 2’ರ ತಲೆಬರಹದಲ್ಲಿಯೇ ಇತ್ತು. ಆ ಗಳಿಗೆಯಲ್ಲಿ ಆದ ಸಿಟ್ಟು, ಸಂತೋಷ ಎರಡನ್ನೂ ಬಿಡಿಸಿ ಹೇಳಲಾರೆ. ‘ಅಲಿ’ ಎಂಬ ಉತ್ತರ ನೋಡಿದಾಗ ಇಂಥದ್ದೇನೂ ಆಗಿರಲಿಲ್ಲ.

ನಾನೂ ಒಂದನ್ನು ಕಟ್ಟಿದ್ದೇನೆ, ತಿದ್ದುವುದಿದ್ದರೆ ತಿದ್ದಿ: ‘ಬೆಟ್ಟದ ತುದಿಗೆ ಎತ್ವ ಹಚ್ಚಿದರೆ ಮಂಡಿಗೆ ಇಳಿಯುತ್ತದೆ (2)’. ಇದಕ್ಕೆ ಯಾರಾದರೂ ಚಾಲಿ ಎಂದು ಬರೆದರೆ ನಾನು ಒಪ್ಪುವುದಿಲ್ಲ.